ಅರ್ಧ ದಂಡ

ಕಾಲಿಗೆ ರಾಡು ಹಾಕಿದ ಮೇಲೆ ನನಗೆ ಕೌಂಟರ್ ಡ್ಯೂಟಿ.
ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಹನ್ನೊಂದು ವರ್ಷ
ಕೈ ಅಡ್ಡ ಹಿಡಿದು ನಿಂತವನು ನಾನು;
ಒಬ್ಬ ಹುಡುಗ ನಿಲ್ಲಿಸಲಿಲ್ಲ, ಅಷ್ಟೆ.
ನಂಬರ್ ಪ್ಲೇಟನ್ನು ಮಡಚಿಕೊಂಡಿದ್ದ.
ಈಗ ಕೂತಲ್ಲೇ ಹಿಡಿಯುತ್ತೇನೆ ಎಲ್ಲರನ್ನೂ, ನಾಲ್ಕು ಕೀಲಿ ಒತ್ತಿ.

ಅರ್ಧ ದಂಡದ ಕೊನೆಯ ದಿನ. ಸಾಲು
ಎಳನೀರು ಗಾಡಿಯನ್ನೂ ದಾಟಿ ಹೋಗಿದೆ.
ಜಪ್ತಿಯಾದ ಸ್ಕೂಟರುಗಳ ಮೇಲೆ ಹಾಗಲ ಬಳ್ಳಿ ಹಬ್ಬಿ
ಒಂದರ ಹ್ಯಾಂಡಲಿನಲ್ಲಿ ಕಾಯಿ ಬಿಟ್ಟಿದೆ.
ಕಟ್ಟಲು ಬಂದವರ ಹೆಲ್ಮೆಟ್ಟೂ ಮೊಣಕೈಯಲ್ಲೇ,
ಸೊಪ್ಪಿನ ಚೀಲದ ಹಾಗೆ.
"ಇಲ್ಲೇ ಹತ್ರ ಅಲ್ವಾ ಸಾರ್, ಅದಕ್ಕೆ."
ಸಾಯುವವರೆಲ್ಲ ಇಲ್ಲೇ ಹತ್ತಿರದಲ್ಲೇ ಸಾಯುವುದಪ್ಪಾ,
ಎಂದು ಮೊದಲೆಲ್ಲ ಹೇಳುತ್ತಿದ್ದೆ.
ಈಗ ರಸೀದಿ ಹರಿದು ಕೊಡುತ್ತೇನೆ.

ಮೂರೂವರೆಗೆ ಕೆಂಪಾಜಮ್ಮ, ಲಗ್ಗೆರೆ.
ಗಾರ್ಮೆಂಟ್ಸಿನ ಕಾರ್ಡು ಇನ್ನೂ ಕೊರಳಲ್ಲಿ,
ಸೆರಗಿಗೆ ಅಂಟಿದ ನೀಲಿ ದಾರ.
ಯಾರ ಕೈಯಲ್ಲೋ ಬರೆಸಿದ ಚೀಟಿ, ಅದರಲ್ಲಿ ನಂಬರು.
ಒತ್ತಿದೆ. ಹದಿನೇಳು ಕೇಸು:
ಹೆಲ್ಮೆಟ್ಟಿಲ್ಲ, ಹೆಲ್ಮೆಟ್ಟಿಲ್ಲ, ಕೆಂಪು ದೀಪ, ಹೆಲ್ಮೆಟ್ಟಿಲ್ಲ,
ಮೂವರ ಸವಾರಿ, ಒನ್‌ವೇ, ಮತ್ತೆ ಹೆಲ್ಮೆಟ್ಟಿಲ್ಲ...
ಎಂಟೂವರೆ ಸಾವಿರ. ಇವತ್ತಿಗೆ ನಾಲ್ಕು ಸಾವಿರದ ಇನ್ನೂರೈವತ್ತು.

"ಮಗನಿಗೆ ಸ್ವಲ್ಪ ಬುದ್ಧಿ ಹೇಳಿ ತಾಯಿ,
ಹಿಂಗೇ ಓಡಿಸಿದ್ರೆ ಒಂದು ದಿನ..."
ದಿನಕ್ಕೆ ನೂರು ಸಲ ನಾಲಿಗೆಯಿಂದ ತಾನೇ ಉದುರುವ ಮಾತು.

"ಆ ದಿನ ಆಗೋಯ್ತು ಸ್ವಾಮಿ," ಅಂದರು,
ನೋಟು ಎಣಿಸುವುದನ್ನು ನಿಲ್ಲಿಸದೆ.
"ಮಾಘದಲ್ಲಿ. ಎಂಟನೇ ಮೈಲಿ ಹತ್ರ.
ಗಾಡಿಗೇನೂ ಆಗ್ಲಿಲ್ಲ. ಒಂದು ಇಂಡಿಕೇಟರ್ ಒಡೀತು."

ತೀರಿಕೊಂಡವರದಾದರೆ ಅರ್ಜಿ ಕೊಡಿ, ಸಾಹೇಬರು ನೋಡುತ್ತಾರೆ, ಎಂದೆ.
ತಲೆ ಅಲ್ಲಾಡಿಸಿದರು.
"ಕಟ್ತೀನಿ. ಕಟ್ಟಿದೋರಿಗೆ ಫೋಟೋ ತೋರಿಸ್ತಾರಂತಲ್ಲ, ಕ್ಯಾಮೆರಾದ್ದು?
ಇದ್ದಿದ್ದೆಲ್ಲ ಅವನ ಫೋನಲ್ಲೇ ಇತ್ತು.
ಫೋನೂ ಅವತ್ತೇ ಪುಡಿಪುಡಿ."

ಪರದೆ ಆಚೆಗೆ ತಿರುಗಿಸಬಾರದು, ಅದು ನಿಯಮ.
ತಿರುಗಿಸಿದೆ.

ಸುಮನಹಳ್ಳಿ ಸೇತುವೆ, ಬೆಳಿಗ್ಗೆ ಎಂಟು ಹನ್ನೆರಡು,
ಹಳದಿ ಅಂಗಿ, ಗಾಳಿಗೆ ಎದ್ದ ಕೂದಲು.
"ಎಣ್ಣೆ ಹಾಕ್ಕೊಳೋ ಅಂದ್ರೆ ಕೇಳ್ತಾನೇ ಇರ್ಲಿಲ್ಲ."
ಮೂವರ ಸವಾರಿಯಲ್ಲಿ ನಡುವೆ ಕೂತ ಸೀರೆ ಕಂಡು
ಬಾಯಿಗೆ ಕೈ ಇಟ್ಟು ನಕ್ಕೇಬಿಟ್ಟರು: "ಅಯ್ಯೋ, ನಾನೇ!
ಅವತ್ತು ಬಸ್ಸು ತಪ್ಪಿತ್ತು."
ಕೆಂಪು ದೀಪ ದಾಟಿದ್ದೊಂದರಲ್ಲಿ ಹೆಲ್ಮೆಟ್ಟಿತ್ತು.
"ಇದ್ರಲ್ಲಿ ಮುಖಾನೇ ಇಲ್ಲ, ಮುಂದಕ್ಕೆ ಹೋಗಿ."
ಹೋದೆ.
ಹನ್ನೊಂದು ವರ್ಷ ತಲೆ ಮುಚ್ಚಿರೋ ಎಂದು ಕೂಗಿದ ನಾನು
ಬರಿದಲೆಯ ಚಿತ್ರವನ್ನೇ ಹುಡುಕುತ್ತಾ ಹೋದೆ.

ಪ್ರಿಂಟರಿನ ಶಾಯಿ ಮುಗಿಯುತ್ತಾ ಬಂದಿತ್ತು,
ಹಳದಿ ಅಂಗಿ ಹಸಿರು ಗೀರಾಗಿ ಬಂತು.
ಪರವಾಗಿಲ್ಲ ಅಂದರು. ಮಡಚದೆ,
ಊಟದ ಡಬ್ಬಿಯ ಮೇಲೆ ಹಾಸಿಕೊಂಡರು.

ಹದಿನೇಳನೆಯದು ಹೋದ ತಿಂಗಳ ಇಪ್ಪತ್ತೊಂದರದು.
ತಾರೀಖನ್ನು ಎರಡು ಸಲ ಓದಿದೆ.
ಅದೇ ಗಾಡಿ, ಒಡೆದ ಇಂಡಿಕೇಟರಿಗೆ ಸುತ್ತಿದ ಟೇಪು.
ಬರಿದಲೆ. ಮೀಸೆಯೂ ಮೂಡಿರದ ಮುಖ.

ಸಾಲಿನಲ್ಲಿ ಯಾರೋ "ಬೇಗ ಸಾರ್" ಎಂದರು.

"ಚಿಕ್ಕವನು," ಅಂದರು ಕೆಂಪಾಜಮ್ಮ.
"ಮಾರ್ಬಿಟ್ಟೆ ಅಂದಿದ್ದ ಸ್ವಾಮಿ, ನನ್ನ ತಲೆ ಮೇಲೆ ಕೈ ಇಟ್ಟು."
ಸ್ವಲ್ಪ ಹೊತ್ತು ಪರದೆ ನೋಡಿ,
ಸೊಂಟದ ಚೀಲದಿಂದ ಇನ್ನೂ ಇನ್ನೂರೈವತ್ತು ತೆಗೆದು ಸರಿಸಿದರು.
"ಇದು ಬೇಡ, ಪ್ರಿಂಟು.
ಇದಕ್ಕೆ ಮಾತ್ರ ಪೂರ್ತಿ ದಂಡ ಹಾಕಿ."

ಎರಡು ಸಲ ಒತ್ತಿ ನೋಡಿದೆ.
"ತಗೊಳ್ತಾ ಇಲ್ಲ ತಾಯಿ. ಇವತ್ತು ಎಲ್ಲದಕ್ಕೂ ಅರ್ಧವೇ."