ಎರಡು ಹತ್ತರ ಕೆಲಸ

ರಾತ್ರಿ ಎರಡು ಹತ್ತಕ್ಕೆ ಅದು ತಾನಾಗೇ ಏಳುತ್ತದೆ.
ನಾನೇ ಬರೆದಿಟ್ಟದ್ದು, ನಾಲ್ಕು ಸಾಲು:
ಕೋಷ್ಟಕದಿಂದ ನಕಲು ಇಳಿಸು,
ಒತ್ತು, ಕಟ್ಟು,
ಕಳಿಸು.
ಒತ್ತು ಅನ್ನುವುದು ನನ್ನ ಮಾತು. ಫಿಲೋಮಿನಾ ಜಿಪ್ ಅನ್ನುತ್ತಾಳೆ,
ಸಾಹೇಬರು ಕಂಪ್ರೆಷನ್ ಅನ್ನುತ್ತಾರೆ, ಟೈ ಸರಿಮಾಡಿಕೊಂಡು.

ಮಾಗಡಿ ರಸ್ತೆಯ ಈ ಮೂರನೇ ಮಹಡಿಗೆ
ಅರ್ಧ ಊರಿನ ನೀರಿನ ಮೀಟರು ಬಂದು ಬೀಳುತ್ತದೆ:
ಆರ್ ಆರ್ ನಂಬರು, ವಾರ್ಡು, ತಾರೀಖು,
ಹಿಂದಿನ ಅಂಕಿ, ಇಂದಿನ ಅಂಕಿ, ಬಳಕೆ, ಷರಾ.
ಷರಾ ಯಾವಾಗಲೂ ಖಾಲಿ.
ಹಾಲಿನವನು ಬರುವ ಮೊದಲು ಇದೆಲ್ಲ
ವೈಟ್‌ಫೀಲ್ಡಿನ ಯಂತ್ರ ಸೇರಬೇಕು. ಬಿಲ್ಲು ಹುಟ್ಟುವುದು ಅಲ್ಲಿ.

ಮೊದಮೊದಲು ಹಾಗೇ ಕಳಿಸುತ್ತಿದ್ದೆವು,
ಸುತ್ತದ ಹಾಸಿಗೆಯನ್ನು ಸಿಟಿ ಬಸ್ಸಿಗೆ ಹತ್ತಿಸಿದ ಹಾಗೆ.
ಅರವತ್ತನೇ ಪರ್ಸೆಂಟಿಗೆ ನಿಂತುಬಿಡುತ್ತಿತ್ತು.
ಮತ್ತೆ ಮೊದಲಿಂದ.

ಆಗ ನೆನಪಾದವರು ನಮ್ಮ ದೊಡ್ಡಪ್ಪ.
ಸುಲ್ತಾನ್‌ಪೇಟೆಯಲ್ಲಿ ಬಟ್ಟೆಯ ಬೇಲು ಕಟ್ಟುತ್ತಿದ್ದರು,
ಎರಡೂ ಮೊಣಕಾಲು ಊರಿ, ಹಗ್ಗದ ತುದಿ ಹಲ್ಲಿನಲ್ಲಿ.
ಇಷ್ಟು ದೊಡ್ಡದು ಇಷ್ಟೇ ಆಯಿತಲ್ಲ ಎಂದರೆ,
'ಬಟ್ಟೆ ಎಲ್ಲಿಗೆ ಹೋಗುತ್ತೆ ಕಣೇ,
ನಡುವಿನ ಗಾಳಿ ಹೋಯ್ತು ಅಷ್ಟೇ.'

ಯಂತ್ರದ ಉಪಾಯವೂ ಹೊಸದೇನಲ್ಲ.
ಹಳೇ ಗುಮಾಸ್ತರು ಮಾಡುತ್ತಿದ್ದುದೇ:
ಒಮ್ಮೆ ಪೂರ್ತಿ ಬರೆ, ಆಮೇಲೆ
ಸದರಿ, ಸದರಿ, ಸದರಿ.
ಬೇರೆಯಾಗಿದ್ದರೆ ಮಾತ್ರ ಶಾಯಿ ಖರ್ಚು.

ಒಂದು ಸಲ ಎಡವಿದ್ದೂ ಉಂಟು.
ನಕಲು ಇಳಿದು ಮುಗಿಯುವ ಮೊದಲೇ ಒತ್ತಿ ಕಟ್ಟಿ ಕಳಿಸಿತು,
ಅಸಲನ್ನೂ ಅಳಿಸಿತು.
ಆ ತಿಂಗಳು ಹೆಗ್ಗನಹಳ್ಳಿಗೆ ಬಿಲ್ಲೇ ಇಲ್ಲ. ಅಲ್ಲಿಯವರೊಬ್ಬರೂ ದೂರು ಕೊಡಲಿಲ್ಲ,
ನನಗೆ ಮಾತ್ರ ಮೆಮೊ ಬಂತು.
ಈಗ ಕಳಿಸುವ ಮುಂಚೆ ಸಾಲು ಎಣಿಸುತ್ತದೆ, ಗಂಟು ಬಿಚ್ಚಿ ನೋಡುತ್ತದೆ,
ಆಚೆಯಿಂದ ಸೇರಿತು ಅನ್ನುವ ತನಕ ಅಸಲು ಮುಟ್ಟುವುದಿಲ್ಲ.

ಏಪ್ರಿಲ್ಲಿನ ಈ ರಾತ್ರಿ
ಗಂಟು ಚಿಕ್ಕದಾಗಿ ಬಂದಿದೆ.
ದಿನಾ ಮೂವತ್ತೊಂದು ಎಂಬಿ, ಇಂದು ಹದಿನೆಂಟು.
ಹರಿದಿರಬೇಕು ಅಂದುಕೊಂಡೆ. ಸಾಲು ಎಣಿಸಿದರೆ ಸರಿ.
ಬಿಚ್ಚಿ ನೋಡಿದೆ.

ಲಗ್ಗೆರೆ: ಬಳಕೆ ಸೊನ್ನೆ.
ಸದರಿ. ಸದರಿ.
ಸುಂಕದಕಟ್ಟೆ, ಸದರಿ. ಪುಟ ಉರುಳಿಸಿದಷ್ಟೂ
ಹಿಂದಿನ ಅಂಕಿಯನ್ನೇ ಇಂದಿನದೂ ಒಪ್ಪಿಸುತ್ತಿದೆ,
ಪಾಠ ಬಾರದ ಹುಡುಗ ಪಕ್ಕದವನದ್ದನ್ನು ಒಪ್ಪಿಸಿದ ಹಾಗೆ.
ಇಲ್ಲದ ನೀರು
ಎಷ್ಟು ಚೆನ್ನಾಗಿ ಮಡಚಿಕೊಳ್ಳುತ್ತದೆ!
ಖರ್ಚಿಲ್ಲದೆ ಊರಾಚೆ ಹೋಗುತ್ತದೆ.

ಸೊನ್ನೆಗಳ ನಡುವೆ ಒಂದೇ ಒಂದು ಮನೆ, ಬಳಕೆ ಮೂರು.
ಯಂತ್ರ ಅಲ್ಲಿ ತಡೆದು, ಬೇರೆ ಸಾಲು ಬರೆದು, ಮುಂದಕ್ಕೆ ಹೋಗಿದೆ.
ನೀರು ಬಾರದ ಬೀದಿಯಲ್ಲಿ ಇದ್ಯಾವ ಮೂರು?
ಮೀಟರು ಓದುವ ಚಿಕ್ಕಮುನಿಯಪ್ಪನಿಗೆ ಈ ಹೊತ್ತಲ್ಲಿ ಮೆಸೇಜು ಹಾಕಿದೆ.
ಎದ್ದೇ ಇದ್ದ, ಟ್ಯಾಂಕರಿಗೆ ಕಾಯುತ್ತ.
'ಪೈಪಲ್ಲಿ ಗಾಳಿ ನುಗ್ಗಿದ್ರೂ ತಿರುಗ್ತದೆ ಮೇಡಂ.
ಆ ಮನೇದು ಮೊದಲನೇ ಮೀಟ್ರು, ವಾಲ್ವ್ ಪಕ್ಕ.
ಅಜ್ಜಿ ನಲ್ಲಿ ತಿರುಗಿಸಿಟ್ಟು ಮಲಗೋದು, ಬಂದ್ರೆ ಸದ್ದಾಗ್ಲಿ ಅಂತ.'

ದೊಡ್ಡಪ್ಪ ಮೊಣಕಾಲೂರಿ ಹೊರಗಟ್ಟಿದ ಗಾಳಿ
ಇಲ್ಲಿ ಬಂದು ಬಿಲ್ಲಾಗುತ್ತಿದೆ.

ಎರಡು ನಲವತ್ತು. ಕೆಲಸ ನಿಲ್ಲಿಸಿದೆ.
ಆ ಸಾಲಿನ ಷರಾದಲ್ಲಿ ಒಂದೇ ಪದ ಬರೆದೆ: ಗಾಳಿ.
ನನ್ನ ಕೈಯಿಂದಲೇ ಮತ್ತೆ ಇಳಿಸಿ, ಒತ್ತಿ, ಕಟ್ಟಿದೆ.
ಕನ್ನಡದಲ್ಲಿ ಗಾಳಿ ಎಂದರೆ ಹನ್ನೆರಡು ಬೈಟು.
ಈ ಪದ ಮತ್ತೆಲ್ಲೂ ಇಲ್ಲ,
ಸದರಿ ಅನ್ನಲು ಬರುವುದಿಲ್ಲ,
ಹಾಗೇ ಹೊರಬೇಕು.

ಆಚೆಯಿಂದ ಸೇರಿತು ಅಂತ ಬಂತು.
ಬೆಳಿಗ್ಗೆ ಸಾಹೇಬರು ಕೇಳುತ್ತಾರೆ, ಷರಾದಲ್ಲಿ ಇದೇನು ಅಂತ.
ಕೇಳಲಿ.