ಇತರೆ

ಹನ್ನೊಂದನೇ ಪುಟದ ಕೊನೆಗೆ
ಎರಡೇ ಎರಡು ಗೆರೆಯ ಜಾಗ ಬಿಟ್ಟಿದ್ದರು:
ಇತರೆ, ಇದ್ದಲ್ಲಿ ನಮೂದಿಸಿ.

ಕಾಗೆದಿನ್ನಿಗೆ ನಾ ಹೋದದ್ದು ಏಪ್ರಿಲ್ ಎರಡನೇ ವಾರ,
ಮಾನ್ವಿಯಿಂದ ಟಂಟಂ ಹಿಡಿದು,
ದಿನಕ್ಕೆ ಆರು ಮನೆ, ಮನೆಗೆ ನೂರಾಹತ್ತು ರೂಪಾಯಿ ಕೂಲಿ.
ಶುದ್ಧ ನೀರಿನ ಘಟಕ ಇದೆಯೇ? ಇದೆ.
ಫಲಕ ಇದೆಯೇ? ಇದೆ,
ಶಾಸಕರ ಹೆಸರು ಎರಡು ಸಲ ಬರೆಸಿದ್ದಾರೆ.
ನೀರು?
ಆ ಪ್ರಶ್ನೆ ನಮೂನೆಯಲ್ಲಿ ಇರಲಿಲ್ಲ.

ಹುಲಿಗೆಮ್ಮ ಕಟ್ಟೆ ಮೇಲೆ ಕುಂತು ಶೇಂಗಾ ಸುಲಿಯುತ್ತಿದ್ದಳು.
"ಘಟಕದಿಂದ ಆದ ಪ್ರಯೋಜನ,
ತುಂಬಾ, ಸ್ವಲ್ಪ, ಏನೂ ಇಲ್ಲ, ಒಂದು ಹೇಳಬೇ."
ಆಕೆ ಬೀಗದ ಕಡೆ ನೋಡಿದಳು.
"ಭಾಳ ಆಗ್ಯಾದವ್ವ. ಅದರ ನೆಳ್ಳಾಗ ನಮ್ಮ ಆಡು ಈದ್ಯಾದ.
ಎರಡು ಮರಿ. ಬಿಸಲಾಗ ಈದಿದ್ರ ಉಳೀತಿದ್ದಿಲ್ಲ."

ತುಂಬಾ ಅಂತ ಗುರುತು ಹಾಕಲೇ?
ಬಿಸಿಲಿಗೆ ಪೆನ್ನು ಸೋರಿ ಬೆರಳು ನೀಲಿಯಾಗಿತ್ತು.
ಹಾಕಿದೆ. ಸುಳ್ಳಂತೂ ಅಲ್ಲವಲ್ಲ.
ಆಮೇಲೆ ಇತರೆಯಲ್ಲಿ ಆಡು ಬರೆದೆ, ಮರಿ ಎರಡು ಬರೆದೆ,
ಬೀಗಕ್ಕೆ ತುಕ್ಕು ಅನ್ನುವಷ್ಟರಲ್ಲಿ
ಗೆರೆ ಮುಗಿಯಿತು.

ರಾಯಚೂರಲ್ಲಿ ಚಾಂದಪಾಷಾ ಅನ್ನೋ ಹುಡುಗ
ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿದ.
ತುಂಬಾ ಅಂದರೆ ಒಂದು, ಸ್ವಲ್ಪ ಅಂದರೆ ಎರಡು.
ಆಡಿಗೆ ಸಂಖ್ಯೆ ಇರಲಿಲ್ಲ.
ಫೋನು ಮಾಡಿದ: "ಅಕ್ಕಾ, ಈ ಮರಿ ಏನ್ ಮಾಡ್ಲಿ?"
"ಬಿಡಪ್ಪ," ಅಂದೆ.
ನಾನೇ ಅಂದೆ.

ವರದಿ ದಪ್ಪಗಿತ್ತು, ಹೊದಿಕೆ ಹೊಳೆಯುತ್ತಿತ್ತು.
ಫಲಾನುಭವಿಗಳ ತೃಪ್ತಿ ನೂರಕ್ಕೆ ಎಂಬತ್ತೆರಡು.
ಸದನದ ಮೇಜಿನ ಮೇಲೆ ಇಟ್ಟರಂತೆ.
ಎತ್ತಿಕೊಂಡವರು ಯಾರೆಂದು ನಡಾವಳಿಯಲ್ಲಿ ಇಲ್ಲ.

ಎರಡು ವರ್ಷಕ್ಕೆ ಸಮಿತಿ ಬಂತು. ಏಳು ಕಾರು,
ಹಿಂದೊಂದು ಜೀಪಿನ ತುಂಬ ತಂಪು ನೀರಿನ ಬಾಟಲಿ.
ಫೈಲು ಹಿಡಿದು ನಿಲ್ಲಲು ನನ್ನನ್ನೂ ಕರೆಸಿದ್ದರು.
ಹಿಂದಿನ ರಾತ್ರಿ ಬೀಗ ಒಡೆದು
ಟ್ಯಾಂಕರಿನಿಂದ ಘಟಕಕ್ಕೆ ತುಂಬಿಸಿದ್ದರು.
ಅಧ್ಯಕ್ಷರು ನಲ್ಲಿ ತಿರುವಿದರು, ಬಂತು.
ನಾಲ್ಕು ನಿಮಿಷ ಬಂತು.
ಅವರು ನಿಂತಿದ್ದು ಮೂರು.

ಗುಂಪಿನ ಹಿಂದಿನಿಂದ ಹುಲಿಗೆಮ್ಮ ನನ್ನ ಗುರುತು ಹಿಡಿದಳು.
"ಆಡಿಂದು ಬರ್ಕೊಂಡು ಹೋಗಿದ್ದೆಲ್ಲಾ, ಏನಂದ್ರು ಮ್ಯಾಲಿನವರು?"
ದನಿಯಲ್ಲಿ ಚೇಷ್ಟೆ ಇರಲಿಲ್ಲ, ಅದೇ ಕಷ್ಟ.
ಮರಿ ಒಂದನ್ನು ಉಗಾದಿಗೆ ಮಾರಿದಳಂತೆ.
ಇನ್ನೊಂದು ಬೆಳೆದು, ಈಗ ಗಬ್ಬಾಗಿ,
ಘಟಕದ ಸುತ್ತ ಜನ ಕಂಡು
ಬೇರೆ ನೆರಳು ಹುಡುಕಿ
ಮೊದಲನೇ ಕಾರಿನ ಅಡಿ ಮಲಗಿತ್ತು.

ಡ್ರೈವರ್ ಹಾರ್ನ್ ಹೊಡೆದ, ಹೊಡೆದ. ಏಳಲಿಲ್ಲ.
ಆಗ ಅಧ್ಯಕ್ಷರು
ಬಗ್ಗಿ ನೋಡಿದರು.