ಆಯುಧದ ವಿವರ

ಮೂಡಿಗೆರೆ ಠಾಣೆಯ ಹಿಂಬದಿ ವರಾಂಡದಲ್ಲಿ
ಎಲೆಕ್ಷನ್ ಘೋಷಣೆಯಾದ ಮೂರನೇ ದಿನ
ಕೋವಿಗಳ ಸಾಲು.
ಗೋಣಿಯಲ್ಲಿ ಸುತ್ತಿದ್ದು, ಹಳೇ ಪಂಚೆಯಲ್ಲಿ ಸುತ್ತಿದ್ದು,
ಒಂದು ಮಾತ್ರ ಗಿಟಾರಿನ ಚೀಲದಲ್ಲಿ.
ನಾನು ಮಾಲಖಾನೆಯ ಹೆಡ್ ಕಾನ್‌ಸ್ಟೇಬಲ್.
ನಂಬರು ಓದುವುದು, ಬರೆಯುವುದು, ಚೀಟಿ ಕಟ್ಟುವುದು.
ಹನ್ನೊಂದು ವರ್ಷವಾಯಿತು,
ಕೋವಿಯೆಂದರೆ ನನಗೆ
ಊಟಕ್ಕೆ ಕೂತಾಗಲೂ ಬೆರಳು ಬಿಡದ ಎಣ್ಣೆ.

ಚೆನ್ನಾಜಮ್ಮ ಬರಿಗೈಯಲ್ಲಿ ಬಂದಿದ್ದಳು.
"ನೋಟೀಸು ಬಂತಲ್ಲ, ಒಪ್ಪಿಸಬೇಕಂತೆ."
ಲೈಸೆನ್ಸ್ ಇದೆ, ಹೊಸದು, ಹಂದಿ ಕಾಟಕ್ಕೆಂದು ಸಿಕ್ಕಿದ್ದು.
ಕೋವಿ ಇನ್ನೂ ಕೊಂಡಿಲ್ಲ.
ಪುಸ್ತಕದಲ್ಲಿ 'ಆಯುಧದ ವಿವರ' ಎಂಬಲ್ಲಿ ಖಾಲಿ.
ಇಲ್ಲದ್ದನ್ನು ಹೇಗೆ ಒಪ್ಪಿಸಿಕೊಳ್ಳಲೆಂದು
ನಾನು ಪೆನ್ನು ಕಚ್ಚುತ್ತಿರುವಾಗ
ಇಡೀ ಸಾಲು ಅವಳ ಕಡೆ ತಿರುಗಿತು.

"ಜೋಡುನಳಿಗೆ ತಗೊಳ್ಳಮ್ಮ," ಅಂದರು ಲಕ್ಕೇಗೌಡರು,
"ಒಂದು ಕೈಕೊಟ್ರೆ ಇನ್ನೊಂದಿರುತ್ತೆ.
ದೇವರೂ ಕಿಡ್ನಿ ಎರಡು ಕೊಟ್ಟಿದಾನೆ."
ಅವರ ಕೋವಿಯ ಬಲನಳಿಗೆ ಎಂಬತ್ತೆಂಟರಿಂದ ಹಾರಿಲ್ಲ;
ನನ್ನ ರಿಜಿಸ್ಟರಿನಲ್ಲೇ ಇದೆ ಷರಾ.

ಉಮರಬ್ಬನಿಗೆ ಒಂಟಿನಳಿಗೆ.
"ಎರಡನೇ ತೋಟಾ ಇದೆ ಅಂತ ಗೊತ್ತಾದ್ರೆ
ಮೊದಲನೇದಕ್ಕೆ ಕಣ್ಣು ನಿಲ್ಲಲ್ಲ ತಾಯಿ."

ಸಿಪ್ರಿಯನ್ ಲೋಬೊ ಬಾಯಲ್ಲಿ ಹೇಳಲಿಲ್ಲ.
ಮಾವನಿಂದ ಬಂದ ರೈಫಲ್ಲಿನ ಆಕ್ರೋಟ್ ಹಿಡಿಯನ್ನು
ಅವಳ ಮುಂದೆ ಚಾಚಿದರು, ಮುಟ್ಟಿ ನೋಡು ಅನ್ನುವಂತೆ.
ಅವಳು ಸೆರಗಿಗೆ ಕೈ ಒರೆಸಿಕೊಂಡು ಮುಟ್ಟಿದಳು.
ಅಂಗಡಿಯಲ್ಲಿ ಒನಕೆ ಆರಿಸುವವರ ಹಾಗೆ
ಎತ್ತಿದಳು, ಇಳಿಸಿದಳು, ಏನೂ ಅನ್ನಲಿಲ್ಲ.

ಗಿಟಾರಿನ ಚೀಲದ ಹುಡುಗ, ಲೋಬೊ ತಮ್ಮನ ಮಗ ರಾಯ್‌ಸ್ಟನ್,
ರೇಂಜಿನಲ್ಲಿ ಕಾಗದಕ್ಕೆ ಗುರಿಯಿಡುವವನು,
ಮೊಬೈಲು ತೆಗೆದ.
ಕರೀ ರೈಫಲ್, ಪರದೇಶದ್ದು.
ಹಿಂಬದಿ ಎಳೆದರೆ ಉದ್ದ, ಒತ್ತಿದರೆ ಗಿಡ್ಡ,
ನಳಿಗೆ ಬಿಚ್ಚಿ ಇನ್ನೊಂದು ನಳಿಗೆ,
ಹಿಡಿ ಬೇರೆ, ದುರ್ಬೀನು ಬೇರೆ,
ಕುದುರೆ ಎಳೆದಷ್ಟೂ ತಾನೇ ತೋಟಾ ತುಂಬಿಕೊಳ್ಳುವಂಥದ್ದು.
"ನಮ್ಮ ತೋಳಿನ ಅಳತೆಗೆ ಅದೇ ಹೊಂದ್ಕೊಳುತ್ತೆ ಆಂಟಿ."

"ಮಗಳ ಮಿಕ್ಸಿಗೂ ಹಿಂಗೇ ಐದು ಜಾರು," ಅಂದ ಉಮರಬ್ಬ,
"ರುಬ್ಬೋದು ಒಂದರಲ್ಲೇ."
"ಇದಕ್ಕೆಲ್ಲ ನಿಮಗೆ ಯಾರು ಲೈಸೆನ್ಸ್ ಕೊಡ್ತಾರೋ?" ಅಂದೆ ನಾನು.
"ನೋಡೋಕೂ ಬೇಕಾ ಮೇಡಂ?"
ಬೇಡ. ಹಾಗಾಗಿ ಹತ್ತು ನಿಮಿಷ
ಎಲ್ಲರೂ ನೋಡಿದರು, ಬಿಚ್ಚಿದರು, ಜೋಡಿಸಿದರು,
ಲಕ್ಕೇಗೌಡರು ಕನ್ನಡಕದ ಮೇಲೆ ಕನ್ನಡಕ ಹಾಕಿಕೊಂಡರು.
ಮೇಜಿನಿಂದ ನಾನೂ ಎದ್ದು ಹೋಗಿದ್ದೆ, ಸುಳ್ಳು ಯಾಕೆ.

ಚೆನ್ನಾಜಮ್ಮ ಮಾತ್ರ ಬೆಂಚಿನಲ್ಲಿ ಕೂತೇ ಕೇಳಿದಳು:
"ನಂಗೆ ಹಂದಿ ಸಾಯೋದು ಬೇಡ. ಮರಿ ಇದಾವೆ ಅದಕ್ಕೆ.
ಶುಂಠಿ ಬಿಟ್ಟು ಓಡಿದ್ರೆ ಸಾಕು.
ಇದರಲ್ಲಿ ಯಾವುದು ಜೋರಾಗಿ ಕೂಗುತ್ತೆ?"

ಗೌಡರು ಕಿವಿ ಕೆರೆದುಕೊಂಡರು.
ಲೋಬೊ ತಮ್ಮ ರೈಫಲ್ಲನ್ನೇ ನೋಡಿದರು, ಅದು ಉತ್ತರ ಕೊಡಬೇಕೆಂಬಂತೆ.
"ನಾವು ಕಿವಿಗೆ ಮುಚ್ಚಳ ಹಾಕ್ಕೋತೀವಿ," ಅಂದ ಹುಡುಗ, ಮೆಲ್ಲಗೆ.
"ಕೂಗು ಗೊತ್ತಿರೋದು ಆಚೆ ಗದ್ದೆಯೋರಿಗೆ," ಅಂದ ಉಮರಬ್ಬ,
"ಅವರನ್ನ ಕೇಳಬೇಕು."
ಆಚೆ ಗದ್ದೆಯವರು ಯಾರೂ ಸಾಲಿನಲ್ಲಿರಲಿಲ್ಲ.

ಸರದಿ ಅವಳದು. ಕ್ರಮಸಂಖ್ಯೆ ನಲವತ್ತೊಂದು.
ವಿವರ: ಇಲ್ಲ. ಸ್ಥಿತಿ: ಒಂದು ಅಡ್ಡಗೆರೆ.
ರಸೀತಿ ಬೇಕೇಬೇಕೆಂದಳು. ಕೊಟ್ಟೆ, ಸೀಲು ಒತ್ತಿ.
ನಾಲ್ಕು ಮಡಿಕೆ ಮಾಡಿ ಪರ್ಸಿಗೆ ಸೇರಿಸಿ
ಕೊಟ್ಟಿಗೆಹಾರದ ಬಸ್ಸಿಗೆ ಓಡಿದಳು.

ಸಂಜೆ ಮಾಲಖಾನೆಯ ಗೋಡೆಗೆ ಅರವತ್ತಮೂರು ಚೀಟಿ.
ನಲವತ್ತಕ್ಕೂ ನಲವತ್ತೆರಡಕ್ಕೂ ನಡುವೆ
ಒಂದು ಕೋವಿಯಗಲ ಗೋಡೆ ಬಿಟ್ಟಿದ್ದೆ,
ದಾರ ಕಟ್ಟಿದ ಚೀಟಿ ಮೊಳೆಗೆ ನೇತಾಡುತ್ತಿತ್ತು.
ರಾತ್ರಿ ಪಾಳಿಯ ಹೊಸ ಹುಡುಗ ಟಾರ್ಚು ಬಿಟ್ಟು
ಎರಡು ಸಲ ಎಣಿಸಿದ, ಬೆವರಿದ.
"ಮೇಡಂ, ಒಂದು ಕಮ್ಮಿ ಬರ್ತಾ ಇದೆ."
"ಇಲ್ಲ," ಅಂದೆ, ಬೀಗ ಹುಡುಕುತ್ತ,
"ಸರಿಯಾಗಿದೆ. ಸಹಿ ಹಾಕು."